ಎರಡು ಲೈನ್, ಒಂದು ರೂಟರ್: ಇಂಟರ್ನೆಟ್ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ನೋಂದಣಿ, ಅಂಗಡಿಯ ಜಿಎಸ್‌ಟಿ ರಿಟರ್ನ್, ಇವೆಲ್ಲಕ್ಕೂ ಕೊನೆಯ ದಿನಾಂಕ ಎಂಬುದೊಂದು ಇರುತ್ತದೆ. ಅದೇ ದಿನ ಇಂಟರ್ನೆಟ್ ಲೈನ್ ಕಡಿದುಹೋದರೆ? ಬ್ಯಾಂಕುಗಳು ಇದಕ್ಕಾಗಿ ಎರಡು ಲೈನ್ ಇಟ್ಟುಕೊಳ್ಳುತ್ತವೆ. ಒಂದು ನಿಂತರೆ ರೂಟರ್ ತಾನಾಗಿಯೇ ಇನ್ನೊಂದಕ್ಕೆ ಬದಲಾಗುತ್ತದೆ. ಇದಕ್ಕೆ ಫೇಲ್‌ಓವರ್ ಎನ್ನುತ್ತಾರೆ.

ನನ್ನ ಮಾಮೂ ನಡೆಸುವ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕಳೆದ ರಜೆಯಲ್ಲಿ ನಾವಿಬ್ಬರೂ ಸೇರಿ ಇದನ್ನು ಅಳವಡಿಸಿದೆವು. ಅಲ್ಲಿಗೆ ಎಸ್‌ಎಸ್‌ಪಿ ಅರ್ಜಿ ಹಾಕಿಸಲು ಬರುವವರಲ್ಲಿ ದಿನದ ಕೂಲಿ ಬಿಟ್ಟು ಬರುವ ತಾಯಂದಿರೂ ಇರುತ್ತಾರೆ. "ಲೈನ್ ಇಲ್ಲ, ನಾಳೆ ಬನ್ನಿ" ಎಂದರೆ ಅವರಿಗೆ ಎರಡು ದಿನದ ಕೂಲಿ ನಷ್ಟ. ಆದ್ದರಿಂದ ಈ ವಿಷಯ ಕಂಪ್ಯೂಟರ್ ಓದುವವರಿಗೆ ಮಾತ್ರ ಸೇರಿದ್ದಲ್ಲ.

ಎರಡನೇ ಲೈನ್ ಯಾವುದಿರಬೇಕು?

ಇಲ್ಲಿ ನಮ್ಮ ಸಂಖ್ಯಾಶಾಸ್ತ್ರ ಉಪಯೋಗಕ್ಕೆ ಬರುತ್ತದೆ. ಒಂದು ಲೈನ್ 100 ಗಂಟೆಯಲ್ಲಿ 2 ಗಂಟೆ ಕೆಡುತ್ತದೆ ಎಂದುಕೊಳ್ಳೋಣ. ಎರಡನೆಯದೂ ಅಷ್ಟೇ ಕೆಡುತ್ತದೆ. ಎರಡೂ ಒಟ್ಟಿಗೆ ಕೆಡುವ ಸಂಭವನೀಯತೆ 0.02 × 0.02 = 0.0004. ಅಂದರೆ 10,000 ಗಂಟೆಗೆ 4 ಗಂಟೆ ಮಾತ್ರ.

ಆದರೆ ಈ ಗುಣಾಕಾರ ನಿಯಮ ನಡೆಯುವುದು ಎರಡು ಘಟನೆಗಳು ಸ್ವತಂತ್ರವಾಗಿದ್ದಾಗ ಮಾತ್ರ. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡು, ಎರಡೂ ಒಂದೇ ಕಂಬದ ಮೇಲೆ ಬಂದರೆ, ಒಂದು ಮರದ ಕೊಂಬೆ ಎರಡನ್ನೂ ಕೆಡವುತ್ತದೆ. ರಸ್ತೆ ಅಗೆಯುವ ಜೆಸಿಬಿ ಕಂಪನಿಯ ಹೆಸರು ನೋಡುವುದಿಲ್ಲ. ಆದ್ದರಿಂದ ನಾವು ಮೊದಲನೆಯದಕ್ಕೆ ಫೈಬರ್, ಎರಡನೆಯದಕ್ಕೆ ಬೇರೆ ಕಂಪನಿಯ 4ಜಿ ಸಿಮ್ ಆರಿಸಿದೆವು. ಕರೆಂಟ್ ಕೂಡ ಇಬ್ಬರಿಗೂ ಸಮಾನ ಶತ್ರು. ಫೈಬರ್ ಮೋಡೆಮ್, 4ಜಿ ಡಬ್ಬಿ, ರೂಟರ್ ಮೂರಕ್ಕೂ ಯುಪಿಎಸ್ ಬೇಕು.

ಜೋಡಣೆ

1. ಎರಡು ವ್ಯಾನ್ ಪೋರ್ಟ್ ಇರುವ ರೂಟರ್ ಬೇಕು. ಟಿಪಿ-ಲಿಂಕ್ ಇಆರ್605, ಮೈಕ್ರೋಟಿಕ್ ರೂಟರ್‌ಗಳು ಇಂಥವು. ಮೊದಲ ವ್ಯಾನ್‌ಗೆ ಫೈಬರ್ ಮೋಡೆಮ್, ಎರಡನೆಯದಕ್ಕೆ 4ಜಿ ಡಬ್ಬಿ. ಕಂಪ್ಯೂಟರ್‌ಗಳೆಲ್ಲ ಈ ರೂಟರ್‌ಗೇ ಸೇರಬೇಕು.

2. ಹಲವು ಮೋಡೆಮ್‌ಗಳ ವಿಳಾಸ 192.168.1.1 ಎಂದೇ ಇರುತ್ತದೆ. ಎರಡಕ್ಕೂ ಒಂದೇ ವಿಳಾಸವಿದ್ದರೆ ಒಂದೇ ಮನೆ ನಂಬರಿನ ಎರಡು ಮನೆಗಳ ನಡುವೆ ಅಂಚೆಯವರು ನಿಂತಂತೆ ರೂಟರ್ ಗೊಂದಲಕ್ಕೆ ಬೀಳುತ್ತದೆ. ಒಂದನ್ನು 192.168.2.1ಕ್ಕೆ, ರೂಟರ್‌ನ ಒಳಗಿನ ವಿಳಾಸವನ್ನು 192.168.10.1ಕ್ಕೆ ಬದಲಿಸಿ.

3. ಫೈಬರನ್ನು ಮುಖ್ಯ, 4ಜಿಯನ್ನು ಬ್ಯಾಕಪ್ ಎಂದು ಗುರುತಿಸಿ. ಮೈಕ್ರೋಟಿಕ್‌ನಲ್ಲಿ ಇದನ್ನು ಡಿಸ್ಟೆನ್ಸ್ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಕಡಿಮೆ ಅಂಕಿಯ ದಾರಿಗೆ ಮೊದಲ ಆದ್ಯತೆ. ಲೋಡ್ ಬ್ಯಾಲೆನ್ಸಿಂಗ್ ಎಂಬ ಆಯ್ಕೆ ಬೇರೆ. ಅದು ಎರಡೂ ಲೈನನ್ನು ಒಟ್ಟಿಗೆ ಬಳಸಿ ಸಿಮ್‌ನ ಡೇಟಾ ಖಾಲಿ ಮಾಡುತ್ತದೆ. ನಮಗೆ ಅದು ಬೇಡ.

ಲೈನ್ ಕೆಟ್ಟಿದೆ ಎಂದು ರೂಟರ್‌ಗೆ ತಿಳಿಯುವುದು ಹೇಗೆ?

ಇದೇ ಪಾಠದ ಮುಖ್ಯ ಭಾಗ. ಹೊರಗೆ ಎರಡು ಕಿಲೋಮೀಟರ್ ದೂರದಲ್ಲಿ ಫೈಬರ್ ತುಂಡಾದರೂ ಮೋಡೆಮ್ ಮತ್ತು ರೂಟರ್ ನಡುವಿನ ಕೇಬಲ್ ಸರಿಯಾಗಿಯೇ ಇರುತ್ತದೆ. ರೂಟರ್‌ನ ದೀಪವೂ ಉರಿಯುತ್ತಿರುತ್ತದೆ. ಕೇಬಲ್ ಮಾತ್ರ ನೋಡುವ ರೂಟರ್ "ಎಲ್ಲ ಸರಿಯಿದೆ" ಎಂದುಕೊಂಡು ಸುಮ್ಮನಿರುತ್ತದೆ.

ಆದ್ದರಿಂದ ಅದು ಆಗಾಗ ಹೊರಗಿನ ಒಂದು ವಿಳಾಸವನ್ನು ಕೂಗಿ ನೋಡಬೇಕು. ಇದಕ್ಕೆ ಪಿಂಗ್ ಎನ್ನುತ್ತಾರೆ. ಫೈಬರ್ ಮೂಲಕ ಗೂಗಲ್‌ನ 8.8.8.8, ಸಿಮ್ ಮೂಲಕ ಕ್ಲೌಡ್‌ಫ್ಲೇರ್‌ನ 1.1.1.1 ಎಂದು ನಾವು ಕೊಟ್ಟೆವು. 5 ಸೆಕೆಂಡಿಗೊಮ್ಮೆ ಕೂಗುವುದು, ಸತತ 3 ಸಲ ಉತ್ತರ ಬಾರದಿದ್ದರೆ ಬದಲಾಗುವುದು. ಫೈಬರ್ ಮರಳಿ ಬಂದಾಗ ಮಾತ್ರ ಅವಸರ ಬೇಡ. ಸತತ 10 ಉತ್ತರ ಬಂದ ಮೇಲೆ ಹಿಂತಿರುಗಲಿ. ಇಲ್ಲದಿದ್ದರೆ ಬಂದು ಹೋಗುವ ಲೈನಿನ ಜೊತೆ ರೂಟರ್ ಕೂಡ ಅತ್ತಿತ್ತ ಓಲಾಡುತ್ತದೆ.

ಪ್ರತಿ ಲೈನಿನ ಪಿಂಗ್ ಆ ಲೈನಿನಿಂದಲೇ ಹೋಗಬೇಕು. ಫೈಬರ್ ಕೆಟ್ಟಾಗ ಅದರ ಪಿಂಗ್ ಸಿಮ್ ದಾರಿಯಲ್ಲಿ ಹೋಗಿ ಉತ್ತರ ತಂದರೆ ಫೈಬರ್ ಸರಿಯಾಯಿತೆಂಬ ಸುಳ್ಳು ಸುದ್ದಿ ಸಿಗುತ್ತದೆ. ಡಿಎನ್‌ಎಸ್‌ಗೆ ಒಂದು ಕಂಪನಿಯ ವಿಳಾಸ ಇಡಬೇಡಿ, ಇನ್ನೊಂದು ಕಂಪನಿಯ ಲೈನಿನಿಂದ ಅದು ಉತ್ತರಿಸದೇ ಇರಬಹುದು. ನಾವು ಎಲ್ಲರಿಗೂ ತೆರೆದಿರುವ 9.9.9.9 ಇಟ್ಟಿದ್ದೇವೆ.

ಪರೀಕ್ಷೆ ಮತ್ತು ಖರ್ಚು

ಕೇಬಲ್ ಕಿತ್ತು ನೋಡುವುದು ಸುಲಭದ ಪರೀಕ್ಷೆ. ಅದು ಸಾಲದು. ಕೇಬಲ್ ಹಾಗೆಯೇ ಬಿಟ್ಟು ಮೋಡೆಮ್‌ನ ಫೈಬರ್ ತುದಿಯನ್ನು ಮೆಲ್ಲಗೆ ತೆಗೆಯಬೇಕು. ತುದಿಯನ್ನು ಮುಟ್ಟಬಾರದು, ಅದರೊಳಗೆ ಕಣ್ಣಿಟ್ಟು ನೋಡಲೂಬಾರದು. ಹೀಗೆ ಮಾಡಿದಾಗಲೂ ಸ್ವಲ್ಪ ಹೊತ್ತಿನಲ್ಲಿ ಇಂಟರ್ನೆಟ್ ಮರಳಿದರೆ ಜೋಡಣೆ ಸರಿ. ತಿಂಗಳಿಗೊಮ್ಮೆ ಹೀಗೆ ನೋಡಿ, ಸಿಮ್‌ನ ರೀಚಾರ್ಜ್ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ. ಅವಧಿ ಮುಗಿದ ಸಿಮ್ ಬ್ಯಾಕಪ್ ಅಲ್ಲ.

ಲೆಕ್ಕಶಾಸ್ತ್ರದ ಪ್ರಕಾರ ರೂಟರ್ ಬಂಡವಾಳ ವೆಚ್ಚ, ಸಿಮ್ ರೀಚಾರ್ಜ್ ರಾಜಸ್ವ ವೆಚ್ಚ. ಬಳಸದ ತಿಂಗಳಿನಲ್ಲಿ ರೀಚಾರ್ಜ್ ದಂಡ ಎನಿಸಬಹುದು. ವಿಮೆಯ ಕಂತೂ ಹಾಗೆಯೇ ಅಲ್ಲವೇ?

ಇದರಿಂದ ಆಗದ ಕೆಲಸ

ಲೈನ್ ಬದಲಾದಾಗ ನಮ್ಮ ಹೊರಗಿನ ಐಪಿ ವಿಳಾಸವೂ ಬದಲಾಗುತ್ತದೆ. ಬ್ಯಾಂಕಿನ ಪುಟ ಲಾಗ್‌ಔಟ್ ಆಗಬಹುದು, ಅರ್ಧ ಏರಿದ ಫೈಲನ್ನು ಮತ್ತೆ ಹಾಕಬೇಕಾಗಬಹುದು. ಆ ಕ್ಷಣದಲ್ಲಿ ಹಣ ಕಟ್ಟುತ್ತಿದ್ದರೆ, ಖಾತೆಯಿಂದ ಕಡಿತವಾಗಿದೆಯೇ ಎಂದು ನೋಡದೆ ಎರಡನೇ ಸಲ ಕಟ್ಟಬೇಡಿ.

ಎದುರಿನ ಪೋರ್ಟಲ್ಲೇ ನಿಂತಿದ್ದರೆ ನಮ್ಮಲ್ಲಿ ಹತ್ತು ಲೈನ್ ಇದ್ದರೂ ಪ್ರಯೋಜನವಿಲ್ಲ. ಆದರೆ ಈಗ ವ್ಯತ್ಯಾಸ ತಿಳಿಯುತ್ತದೆ. ಪಿಂಗ್‌ಗೆ ಉತ್ತರ ಬಂದು, ಬೇರೆ ಪುಟಗಳು ತೆರೆದು, ಪೋರ್ಟಲ್ ಮಾತ್ರ ತೆರೆಯದಿದ್ದರೆ ದೋಷ ಬಹುತೇಕ ಆ ಕಡೆಯದು. ಮಾಮೂ ಈಗ ಎಲ್ಲದಕ್ಕೂ "ಸರ್ವರ್ ಡೌನ್" ಎನ್ನುವುದಿಲ್ಲ. ಕಾಯಬೇಕೋ, ಮನೆಗೆ ಹೋಗಬೇಕೋ ಎಂದು ಬಂದವರಿಗೆ ನೋಡಿ ಹೇಳುತ್ತಾರೆ.