ಕಾಕಾ ಬಾಡಿಗಿ ತಗೊಂತಿದ್ರು

ಝೆರಾಕ್ಸ್ ಅಂಗಡಿ ಇಟ್ಟವನಿಗೆ ಊರಿನ ಸಾವು ಬೇಗ ಗೊತ್ತಾಗುತ್ತದೆ. ಮನೆಯಲ್ಲಿ ಅಳು ನಿಂತಿರುವುದಿಲ್ಲ, ಅಷ್ಟರಲ್ಲಿ ಓಣಿಯ ಇಬ್ಬರು ಹುಡುಗರು ಮೊಬೈಲಿನಲ್ಲಿ ಫೋಟೊ ಹಿಡಿದು ಬಂದು 'ಬ್ಯಾನರ್ ಮಾಡ್ರಿ' ಎನ್ನುತ್ತಾರೆ. ಅದು ಯಾವುದೋ ಮದುವೆಯ ಗುಂಪು ಫೋಟೊ ಆಗಿರುತ್ತದೆ. ಪಕ್ಕದವರ ಭುಜ ಕತ್ತರಿಸಿ, ಹಿಂದೆ ಮೋಡ ಹಾಕಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಮತ್ತೆ ಹುಟ್ಟಿ ಬನ್ನಿ' ಎಂದು ಬರೆದು ರಾಣೆಬೆನ್ನೂರಿಗೆ ಪ್ರಿಂಟಿಗೆ ಕಳಿಸುತ್ತೇನೆ. ಸತ್ತವರು ಯಾರೇ ಇರಲಿ, ಮಾತು ಅವೇ.

ಹೋದ ವರ್ಷ ಶ್ರಾವಣದಲ್ಲಿ ನಮ್ಮೂರಿನ ಟ್ಯಾಕ್ಸಿ ಡ್ರೈವರ್ ಕಾಕಾ ತೀರಿಕೊಂಡಾಗ ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗರು ಮಾತು ತಾವೇ ಬರೆದುಕೊಂಡು ಬಂದಿದ್ದರು: 'ಬಡವರಿಂದ ಒಂದು ಪೈಸೆಯನ್ನೂ ಮುಟ್ಟದ ಪುಣ್ಯಾತ್ಮ.' ಅಳತೆ ಹತ್ತಕ್ಕೆ ಎಂಟು ಅಡಿ. ಫೋಟೊ ಸರಿಯಾಗಿದೆಯೋ ಇಲ್ಲವೋ ಎಂದು ತೋರಿಸಲು ಮೊಬೈಲ್ ಹಿಡಿದು ಮನೆಗೆ ಹೋದೆ. ಕಾಕಾನ ಹೆಂಡತಿ, ನಮ್ಮೆಲ್ಲರ ಚಿಗವ್ವ, ಗೋಡೆಗೆ ಒರಗಿ ಕೂತಿದ್ದವರು ಫೋಟೊವನ್ನು ನೋಡಲೇ ಇಲ್ಲ. ಓದಲು ಬರುವ ಸೊಸೆ ಆ ಸಾಲು ಓದಿ ಹೇಳಿದಳು. ಚಿಗವ್ವ ತಲೆ ಅಲ್ಲಾಡಿಸಿದರು. "ಇದು ಸುಳ್ಳೈತಿ, ತಮ್ಮಾ. ಅವರು ಬಾಡಿಗಿ ತಗೊಂತಿದ್ರು. ಎಲ್ಲಾರ ಕಡಿಂದೂ ತಗೊಂತಿದ್ರು."

ಕಾಕಾನ ಹೆಸರು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ಅದು ಬೇಡ. ಬರೆದರೂ ದೇವರಗುಡ್ಡದ ಅರ್ಧ ಜನಕ್ಕೆ ಯಾರೆಂದು ಹೊಳೆಯಲಿಕ್ಕಿಲ್ಲ, ಅವರಿಗೆ ಗೊತ್ತಿರುವುದು ಕಾಕಾ ಮಾತ್ರ.

ನಮ್ಮದು ದೇವರ ಊರು. ಗುಡ್ಡದ ಮೇಲೆ ಮಾಲತೇಶ, ಕೆಳಗೆ ನಾವು. ರವಿವಾರ, ಹುಣ್ಣಿಮೆ ಬಂದರೆ ಮನೆದೇವರ ಒಕ್ಕಲಿನವರು ಮಗುವಿನ ಜವಳ ತೆಗೆಸಲು, ದೋಣಿ ತುಂಬಿಸಲು ಎಲ್ಲೆಲ್ಲಿಂದಲೋ ಬರುತ್ತಾರೆ. ಕರಿ ಕಂಬಳಿ ಹೊದ್ದ ಗೊರವಪ್ಪಗಳು ಡಮರುಗ ಬಾರಿಸುತ್ತ ಎದುರಾಗುತ್ತಾರೆ, 'ಏಳುಕೋಟಿ ಏಳುಕೋಟಿಗೋ' ಎಂಬ ಕೂಗು ಏಳುತ್ತದೆ, ಹಣೆ, ಅಂಗಿ, ಮೆಟ್ಟಿಲು ಎಲ್ಲವೂ ಭಂಡಾರದ ಅರಿಶಿನವಾಗುತ್ತದೆ. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವೆ ದೇವರಗುಡ್ಡ ಎಂಬ ರೈಲ್ವೆ ಸ್ಟೇಷನ್ನೇ ಇದೆ. ಆದರೆ ರೈಲು ಇಳಿದವರನ್ನು ಗುಡ್ಡದ ಬುಡಕ್ಕೆ ತಂದು ಮುಟ್ಟಿಸಲು ಗಾಡಿ ಬೇಕಲ್ಲ. ಕಾಕಾ ಮೊದಲು ಹಳೇ ಟ್ರ್ಯಾಕ್ಸ್ ಇಟ್ಟಿದ್ದರು, ಕೊನೆಗೆ ಕಂತಿನ ಮೇಲೆ ಈಕೋ ತಂದರು. ಆ ಗಾಡಿಯ ಸೀಟಿನ ರೆಕ್ಸಿನ್ ತೊಳೆದು ತೊಳೆದು ಬಣ್ಣಗೆಟ್ಟಿತ್ತು, ಹೊಲಿಗೆಯೊಳಗೆ ಕೂತ ಭಂಡಾರ ಮಾತ್ರ ಹೋಗಲೇ ಇಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಘಾಟು ಬೇರೆ. ತೊಟ್ಟು ಬಿಡಿಸುವ ಕೂಲಿಗೆ ಹೋದ ಹೆಣ್ಣುಮಕ್ಕಳನ್ನು ಸಂಜೆ ಕರೆತಂದ ಗಾಡಿಯಲ್ಲಿ ರಾತ್ರಿ ನೀವು ಕೂತರೆ ಎರಡು ಸೀನು ಗ್ಯಾರಂಟಿ. "ಬ್ಯಾಡಗಿ ಗಾಳಿ, ಆರೋಗ್ಯಕ್ಕ ಒಳ್ಳೇದು" ಎಂದು ಕಾಕಾ ಕಿಟಕಿ ಇಳಿಸುತ್ತಿದ್ದರು.

ಊರು ಅವರನ್ನು ನೆನೆಯುವುದು ಮಾತ್ರ ಜಾತ್ರೆಯ ಬಾಡಿಗೆಗಳಿಗಲ್ಲ, ರಾತ್ರಿಯ ಬಾಡಿಗೆಗಳಿಗೆ. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಹೆರಿಗೆ ನೋವಿಗೆ, ಹಾವು ಕಡಿತಕ್ಕೆ, ಎದೆನೋವಿಗೆ ಊರಿಗೆ ಇದ್ದದ್ದು ಕಾಕಾನ ಬಾಗಿಲು. ರಾಣೆಬೆನ್ನೂರಿನಲ್ಲಿ ಆಗದಿದ್ದರೆ ಹರಿಹರದ ಹತ್ತಿರ ತುಂಗಭದ್ರೆ ದಾಟಿ ದಾವಣಗೆರೆ, ಇಲ್ಲವೇ ಈ ಕಡೆ ಹಾವೇರಿ, ಹುಬ್ಬಳ್ಳಿ. ನನ್ನ ತಂಗಿಯ ಮೊದಲ ಹೆರಿಗೆಗೆ ಹೋದದ್ದೂ ಹಾಗೆಯೇ. ಟ್ರ್ಯಾಕ್ಸಿನ ಹಿಂದೆ ಗೋಣಿಚೀಲ, ಅದರ ಮೇಲೆ ಕೌದಿ, ಅವ್ವನ ತೊಡೆಯ ಮೇಲೆ ತಂಗಿಯ ತಲೆ. ಕಾಕಾ ಹಳ್ಳಿ ರಸ್ತೆ ಮುಗಿಯುವವರೆಗೆ ಎರಡನೇ ಗೇರು ಬಿಡಲಿಲ್ಲ. ಅಪ್ಪ "ಜೋರು ಹೊಡಿಯೋ" ಎಂದು ಗದರಿದರು. ಕಾಕಾ ತಿರುಗಿಯೂ ನೋಡದೆ, "ಇಲ್ಲಿ ಜೋರು ಹೊಡದ್ರ ಇಲ್ಲೇ ಹೆರ್ತಾಳ. ರೋಡಿಗೆ ಹತ್ಲಿ ತಡೀರಿ" ಎಂದರು. ಹೆದ್ದಾರಿ ಹತ್ತಿದ ಮೇಲೆ ಆ ಮುದಿ ಟ್ರ್ಯಾಕ್ಸ್ ಅಷ್ಟು ವೇಗ ಓಡಬಲ್ಲದೆಂದು ನಮಗೆ ಗೊತ್ತೇ ಇರಲಿಲ್ಲ.

ಬಾಡಿಗೆಯ ಮಾತು ಆ ರಾತ್ರಿ ಬರಲಿಲ್ಲ. ತಾಯಿ-ಮಗು ಮನೆಗೆ ಬಂದ ಮೇಲೆ ಅಪ್ಪನೇ ಹೋಗಿ ಕೇಳಿದರು. ಕಾಕಾ ಡೀಸೆಲ್ ಎಷ್ಟು, ತಮ್ಮದೆಷ್ಟು ಎಂದು ಬಿಡಿಸಿ ಹೇಳಿ ಎಣಿಸಿ ತೆಗೆದುಕೊಂಡರು. ಅಪ್ಪ ಹೆಚ್ಚಿಗೆ ಕೊಡಲು ಹೋದರೆ ತಿರುಗಿ ಕೊಟ್ಟರು. ಇಷ್ಟೇ. ಸಭೆಯಲ್ಲಿ ಹೇಳುವಂಥ ಕಥೆಯೇ ಅಲ್ಲ.

ಆದರೆ ಸಭೆ ನಡೆಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಹಳದಿ ಬೋರ್ಡಿನ ಗಾಡಿಗಳಿಗೆಲ್ಲ ಕಪ್ಪು ಬಟ್ಟೆ. ಒಬ್ಬೊಬ್ಬರು ಎದ್ದು ಹೇಳತೊಡಗಿದಂತೆ ಕಾಕಾ ನಮ್ಮ ಕಣ್ಣೆದುರೇ ಬೇರೆಯವರಾಗುತ್ತ ಹೋದರು. ಮೊದಲನೆಯವನು ದುಡ್ಡು ಎರಡು ತಿಂಗಳ ಮೇಲೆ ಕೊಟ್ಟೆನೆಂದ. ಅವನ ನಂತರದವನಿಂದ ಕಾಕಾ ಅರ್ಧ ಮಾತ್ರ ತೆಗೆದುಕೊಂಡಿದ್ದರು. ಐದನೆಯವನ ಹೊತ್ತಿಗೆ ದುಡ್ಡು ಕೊಟ್ಟರೆ ಸಿಟ್ಟಾಗುತ್ತಿದ್ದರು! ಯಾರೂ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಸತ್ತವರ ಬಗ್ಗೆ ಹಿಂದಿನವನಿಗಿಂತ ಕಡಿಮೆ ಹೇಳಲು ಯಾರಿಗೆ ಬಾಯಿ ಬಂದೀತು? ಮುಂದಿನ ಸಾಲಿನಲ್ಲಿ ಕಾಕಾನ ಮಗ ಕೂತಿದ್ದ. ಹರಿಹರದ ಕಡೆ ಫ್ಯಾಕ್ಟರಿಯೊಂದರಲ್ಲಿ ಗುತ್ತಿಗೆ ಕೆಲಸ ಬಿಟ್ಟು ಅದೇ ಈಕೋ ಓಡಿಸಲು ಬಂದ ಹುಡುಗ. ಪ್ರತಿ ಭಾಷಣ ಮುಗಿದಾಗಲೂ ಅವನು ನೆಲ ನೋಡುತ್ತಿದ್ದ. ದುಃಖ ಅಂದುಕೊಂಡೆ. ಆಮೇಲೆ ಅಂಗಡಿಗೆ ಬಂದು ಹೇಳಿದ: "ಅಣ್ಣಾ, ನಾಳೆ ನಾ ಬಾಡಿಗಿ ಕೇಳಿದ್ರ ಮಂದಿ ಏನಂತಾರ? ನಿಮ್ಮಪ್ಪ ಪುಕ್ಕಟ ಒಯ್ತಿದ್ದ ಅಂತಾರ. ಕಂತು ಯಾರು ಕಟ್ಟಬೇಕು?"

ಒಬ್ಬ ದುಡಿಯುವವನನ್ನು ದೇವರು ಮಾಡಿದರೆ ಅವನ ಹಿಂದೆ ಬರುವ ದುಡಿಯುವವರಿಗೆ ಅನ್ನವಿಲ್ಲ ಎಂಬುದು ನನಗೆ ತಿಳಿದದ್ದು ಆ ಹುಡುಗನಿಂದ. ಕಾಕಾನ ಲೆಕ್ಕ ಏನಿತ್ತೆಂಬುದನ್ನು ತಿಳಿಸಿದವರು ಚಿಗವ್ವ. ದುಡ್ಡು ತೆಗೆದುಕೊಳ್ಳದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದಕ್ಕೆ ಅವರು ಗಂಡನ ಮಾತನ್ನೇ ಹೇಳಿದರು: "ಪುಕ್ಕಟ ಒಯ್ದ್ರ ಎರಡನೇ ಸಲ ಬಾಗ್ಲಾ ಬಡ್ಯಾಕ ನಾಚ್ಕೋತಾರ. ನಾಚ್ಕೊಂಡ್ರ ಹೊತ್ತಾಕ್ಕೈತಿ. ಹೊತ್ತಾದ್ರ ಜೀವ ಹೊಕ್ಕೈತಿ." ಬಾಡಿಗೆ ಕೊಟ್ಟವನಿಗೆ ನಡುರಾತ್ರಿ ಎಬ್ಬಿಸುವ ಹಕ್ಕಿರುತ್ತದೆ. ಉಪಕಾರ ಪಡೆದವನು ಬೆಳಗಾಗಲಿ ಎಂದು ಕಾಯುತ್ತಾನೆ. ಎಷ್ಟೋ ದೊಡ್ಡ ಆಸ್ಪತ್ರೆಗಳ ಧರ್ಮಾರ್ಥ ವಿಭಾಗಗಳಿಗೂ ಇಷ್ಟು ಸೂಕ್ಷ್ಮ ಹೊಳೆದಿದೆಯೋ ಇಲ್ಲವೋ.

ಇನ್ನೊಂದು ವಿಷಯಕ್ಕೂ ಕಾಕಾ ದುಡ್ಡು ಕೇಳುತ್ತಿದ್ದರು, ಅದನ್ನೂ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಅವರ ಡ್ಯಾಶ್‌ಬೋರ್ಡಿನ ಮೇಲೆ ಎರಡು ಫೋಟೊ: ಮಾಲತೇಶ, ಶಂಕರ್ ನಾಗ್. ಎರಡನೆಯದು ಕರ್ನಾಟಕದ ಯಾವ ಆಟೊ, ಟ್ಯಾಕ್ಸಿ ಸ್ಟ್ಯಾಂಡಿಗೂ ಹೊಸದಲ್ಲ. 1980ರಲ್ಲಿ 'ಆಟೋ ರಾಜ' ಬಂದಾಗಿನಿಂದ ಚಾಲಕರು ಆ ನಟನನ್ನು ತಮ್ಮವನೆಂದೇ ತಿಳಿದಿದ್ದಾರೆ. ಅವನ ಹುಟ್ಟುಹಬ್ಬ ನವೆಂಬರ್ 9. ಆ ದಿನ ಗಾಡಿಗೆ ಹೂವು, ಸ್ಟ್ಯಾಂಡಿನಲ್ಲಿ ಊಟ. ರಂಗಭೂಮಿ, 'ಮಾಲ್ಗುಡಿ ಡೇಸ್' ಎಂದೆಲ್ಲ ಬೆಂಗಳೂರಿನವರು ಅವನನ್ನು ಬೇರೆ ಕಾರಣಕ್ಕೆ ನೆನೆಯಬಹುದು. ಚಾಲಕರಿಗೆ ಮಾತ್ರ ಖಾಕಿ ಅಂಗಿಯವನನ್ನು ಪರದೆಯ ಮೇಲೆ ನಾಯಕ ಮಾಡಿದ್ದೇ ದೊಡ್ಡದು. ಆ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆಂದು ಉತ್ತರ ಕರ್ನಾಟಕದ ಕಡೆ ಬರುತ್ತಿದ್ದಾಗ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಲಾರಿಗೆ ಡಿಕ್ಕಿಯಾಗಿ ಹೋದ. 36 ತುಂಬಿರಲಿಲ್ಲ. ನಮ್ಮಲ್ಲಿ ಆಗಷ್ಟೇ ದಸರೆ ಮುಗಿದಿತ್ತು.

ಬೆಂಗಳೂರಿನ ಬಾಡಿಗೆ ಬಂದರೆ ಆನಗೋಡು ದಾಟಲೇಬೇಕು. ಕಾಕಾ ಅಲ್ಲಿ ಗಾಡಿ ನಿಧಾನ ಮಾಡಿ ಸ್ಟೇರಿಂಗ್ ಮುಟ್ಟಿ ನಮಸ್ಕರಿಸುತ್ತಿದ್ದರು. ಅಷ್ಟನ್ನು ಎಲ್ಲ ಡ್ರೈವರುಗಳೂ ಮಾಡುತ್ತಾರೆ. ಕಾಕಾ ಅದರ ಮೇಲೆ ಒಂದು ನೇಮ ಇಟ್ಟುಕೊಂಡಿದ್ದರು. ರಾತ್ರಿ ಎರಡರಿಂದ ಐದರವರೆಗೆ ಗಾಡಿ ಓಡಿಸುವುದಿಲ್ಲ. ಮದುವೆ ದಿಬ್ಬಣವಿರಲಿ, ಸಾಹೇಬರಿರಲಿ, ಯಾವುದಾದರೂ ಢಾಬಾದ ಮುಂದೆ ನಿಲ್ಲಿಸಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗುವುದೇ. ಪೇಷಂಟ್ ಇದ್ದರೆ ಮಾತ್ರ ನಿಲ್ಲುವ ಹಾಗಿಲ್ಲ, ಆಗ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಹೊರಡುತ್ತಿದ್ದರು. ಆ ಎರಡನೆಯವನ ಪಗಾರವನ್ನೂ ಬಾಡಿಗೆಯಲ್ಲಿ ಹಿಡಿಯುತ್ತಿದ್ದರು. ಇದಕ್ಕೆ ಎಷ್ಟೋ ಜನ ಬೈದದ್ದನ್ನು ನಾನೇ ಕೇಳಿದ್ದೇನೆ. "ಒಬ್ಬ ಹೋದ್ರ ಸಾಲೂದಿಲ್ಲೇನು?" ಎಂದರೆ ಕಾಕಾ ಡ್ಯಾಶ್‌ಬೋರ್ಡಿನ ಎರಡನೇ ಫೋಟೊ ತೋರಿಸಿ ಸುಮ್ಮನಾಗುತ್ತಿದ್ದರು. ಶಂಕರ್ ನಾಗ್‌ನನ್ನು ನೆನೆಯುವ ರೀತಿಗಳಲ್ಲಿ ನಾನು ಕಂಡ ಅತ್ಯುತ್ತಮವಾದದ್ದು ಇದೇ, ಸ್ಟಿಕರಿಗಿಂತ ಎಷ್ಟೋ ಮೇಲು.

ಇನ್ನು ಕಾಗದದ ವಿಷಯ. ಡ್ರೈವರ್ ಸತ್ತ ಮನೆಗೆ ಬರುವವರು ಸಮಾಧಾನದ ಜೊತೆ ಅಂಕಿಗಳನ್ನೂ ತರುತ್ತಾರೆ. "ಹದಿನೈದು ಲಕ್ಷ ಇನ್ಶೂರೆನ್ಸ್ ಬರ್ತೈತಿ, ಚಿಂತಿ ಮಾಡಬ್ಯಾಡ್ರಿ" ಎಂದು ಮೂರು ದಿನದಲ್ಲಿ ನಾಲ್ಕಾರು ಜನ ಚಿಗವ್ವನಿಗೆ ಹೇಳಿದ್ದರು. ಹದಿನೈದು ಲಕ್ಷವೇನೋ ನಿಜ. 2018ರಿಂದ ಗಾಡಿ ಮಾಲೀಕ ತಾನೇ ಚಾಲಕನಾಗಿದ್ದರೆ ಅಷ್ಟು ಮೊತ್ತದ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಅದು ಅಪಘಾತಕ್ಕೆ. ಕಾಕಾ ಹೋದದ್ದು ಮನೆಯಲ್ಲಿ ಊಟ ಮಾಡಿ ಮಲಗಿದ್ದಾಗ ಎದೆ ಹಿಡಿದು. ಪಾಲಿಸಿಯ ಪ್ರತಿ ಓದಿ ಇಲ್ಲವೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಾವಿನ ಮನೆಯಲ್ಲಿ ಕಾಗದ ನೋಡದೆ ಮೊತ್ತ ಹೇಳುವವರನ್ನು ಕಂಡರೆ ಆಗಿನಿಂದ ನನಗೆ ಮೈ ಉರಿಯುತ್ತದೆ.

ಯಾರೂ ಹೇಳದ, ಆದರೆ ನಿಜವಾಗಿ ಹೊತ್ತು ಮೀರುತ್ತಿದ್ದ ಸಂಗತಿ ಬೇರೆಯೇ ಇತ್ತು. ಮಾಲೀಕ ತೀರಿಕೊಂಡರೆ ಗಾಡಿ ಯಾರ ಕೈಗೆ ಬಂತೋ ಅವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸಿದರೆ ಮೂರು ತಿಂಗಳವರೆಗೆ ಓಡಿಸಬಹುದು, ಅಷ್ಟರೊಳಗೆ ಫಾರಂ 31 ತುಂಬಿ ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಪರ್ಮಿಟ್‌ಗೂ ಇದೇ ಮೂವತ್ತು ದಿನ, ಇದೇ ಮೂರು ತಿಂಗಳು. ಶ್ರಾವಣದಲ್ಲಿ ಸತ್ತವರ ಗಾಡಿಗೆ ದೀಪಾವಳಿಯ ಆಸುಪಾಸಿಗೆ ಗಡುವು ಮುಗಿಯುತ್ತದೆ. ನಡುವೆ ದಿನಕರ್ಮ, ತಿಂಗಳು, ದಸರೆ. ಊರೆಲ್ಲ ಬ್ಯಾನರಿನ ಅಳತೆ ಮಾತಾಡುತ್ತಿದ್ದಾಗ ಸ್ಟ್ಯಾಂಡಿನ ಹಿರಿಯ ಡ್ರೈವರೊಬ್ಬರು ಬಂದು ನನ್ನ ಟೇಬಲ್ ಮೇಲೆ ಆರ್‌ಸಿ, ಪರ್ಮಿಟ್, ಕಾಕಾನ ಆಧಾರ್ ಇಟ್ಟು, "ಮೊದ್ಲ ಇದನ್ನ ಝೆರಾಕ್ಸ್ ಹೊಡಿ, ಬ್ಯಾನರ್ ಆಮ್ಯಾಲ" ಎಂದರು. ಮರಣ ಪ್ರಮಾಣಪತ್ರ, ವಾರಸಾ ಕಾಗದ, ಸಾಲ ಕೊಟ್ಟವರ ಒಪ್ಪಿಗೆ ಪತ್ರ ಒಂದೊಂದಕ್ಕೂ ಮಗನನ್ನು ಅವರೇ ಓಡಾಡಿಸಿದರು. ಸಭೆಯಲ್ಲಿ ಅವರು ಮಾತಾಡಲಿಲ್ಲ, ಅವರನ್ನು ಯಾರೂ ಕರೆಯಲೂ ಇಲ್ಲ.

ಆ ಕಾಗದಗಳ ನಡುವೆ 2020ರ ಒಂದು ಅರ್ಜಿಯ ಪ್ರತಿಯೂ ಸಿಕ್ಕಿತು. ಲಾಕ್‌ಡೌನಿನಲ್ಲಿ ಸರ್ಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಘೋಷಿಸಿದಾಗ ಸೇವಾ ಸಿಂಧುವಿನಲ್ಲಿ ನಾನೇ ತುಂಬಿಕೊಟ್ಟಿದ್ದೆ. ಅದಕ್ಕೆ ಕಾಕಾ ನನ್ನ ಚಾರ್ಜು ಕೇಳಿದ್ದರು. ಬೇಡವೆಂದರೆ, "ನೀನೂ ಬಾಡಿಗಿ ತಗೋಬೇಕು" ಎಂದು ಟೇಬಲ್ ಮೇಲೆ ಇಟ್ಟು ಹೋಗಿದ್ದರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಅವರ ಹಗಲಿನ ಸವಾರಿ ಬಹಳ ಇಳಿಯಿತು. ಸ್ಟ್ಯಾಂಡಿನ ಹುಡುಗರು ಸರ್ಕಾರವನ್ನು ಬೈಯುತ್ತಿದ್ದರೆ ಕಾಕಾ, "ತೊಟ್ಟು ಬಿಡಿಸೋ ಹೆಣಮಕ್ಳ ಕೂಲಿಯೊಳಗ ನನ್ನ ಬಾಡಿಗಿ ಎಷ್ಟಿತ್ತು ಅಂತ ನನಗ ಗೊತ್ತೈತಿ" ಎನ್ನುತ್ತಿದ್ದರು. ಹಾಗೆಂದು ಕಂತು ಹಗುರಾಗಲಿಲ್ಲ.

ದಸರೆ ಬಂತು. ನಮ್ಮಲ್ಲಿ ಆಯುಧ ಪೂಜೆಯ ದಿನವೇ ಕಾರ್ಣಿಕ. ನವರಾತ್ರಿಯುದ್ದಕ್ಕೂ ವ್ರತ ಹಿಡಿದ ಗೊರವಯ್ಯ ಸಂಜೆ ಬಿಲ್ಲು ಏರಿ 'ಸದ್ದಲೇ' ಎಂದು ಕೂಗಿದರೆ ಸಾವಿರಾರು ಜನರ ಗದ್ದಲ ಒಮ್ಮೆಲೇ ನಿಂತುಬಿಡುತ್ತದೆ. ಒಂದು ಮಾತು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆಮೇಲೆ ಶುರು. ರೈತನಿಗೆ ಅದು ಮಳೆ ಬೆಳೆಯ ಮಾತು, ವ್ಯಾಪಾರಿಗೆ ಮೆಣಸಿನಕಾಯಿ ದರದ್ದು, ಟಿವಿಯವರಿಗೆ ಮುಖ್ಯಮಂತ್ರಿಯದು. ಒಂದು ನುಡಿಗೆ ಇಷ್ಟು ಅರ್ಥ ಹಚ್ಚುವ ಊರಿನಲ್ಲಿ ಒಬ್ಬ ಡ್ರೈವರನ ಬದುಕಿಗೆ ಹಚ್ಚದೆ ಬಿಟ್ಟಾರೆಯೇ!

ಅಂದೇ ಬೆಳಿಗ್ಗೆ ಗಾಡಿಗಳ ಪೂಜೆಯ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಜಗಳ ಎದ್ದಿತ್ತು. ಕಾಕಾನ ಹೆಸರಿನಲ್ಲಿ ಒಂದು ಕಟ್ಟೆ ಕಟ್ಟಿಸಿ ಫೋಟೊ ಕೂಡಿಸಬೇಕೆಂದು ಹುಡುಗರು. ಕಟ್ಟೆಯ ದುಡ್ಡಿನಲ್ಲಿ ದರದ ಬೋರ್ಡು ಹಾಕಿಸಿ ಎಂದು ಹಿರಿಯ ಡ್ರೈವರು. ರಾಣೆಬೆನ್ನೂರಿಗೆ ಎಷ್ಟು, ಬ್ಯಾಡಗಿಗೆ ಎಷ್ಟು, ಹಾವೇರಿಗೆ, ದಾವಣಗೆರೆಗೆ, ಜಾತ್ರೆಯ ದಿನ ಎಷ್ಟು ಜಾಸ್ತಿ, ಎಲ್ಲ ಬರೆದಿರಬೇಕು. ಜಾತ್ರೆಯಲ್ಲಿ ಒಂದು ಕಡೆ ಖಾಲಿ ಬರಬೇಕಾಗುತ್ತದೆಂದು ಕಾಕಾನೂ ಸ್ವಲ್ಪ ಹೆಚ್ಚೇ ತೆಗೆದುಕೊಳ್ಳುತ್ತಿದ್ದರಲ್ಲ. "ದೇವ್ರಂಥ ಮನುಷ್ಯಾನ ಹೆಸರಿನ್ಯಾಗ ರೇಟ್ ಬೋರ್ಡ್ ಹಾಕ್ತೀರೇನು?" ಎಂದು ಒಬ್ಬ ಕೂಗಾಡಿದ. ಕಾಕಾನ ಮಗ ಮೊದಲ ಸಲ ಬಾಯಿ ಬಿಟ್ಟ: "ಹಾಕ್ರಿ. ನಮ್ಮಪ್ಪನ ರೇಟೇ ಹಾಕ್ರಿ."

ಬೋರ್ಡು ಬರೆದವನು ನಾನೇ, ಹಳದಿ ಮೇಲೆ ಕಪ್ಪು ಅಕ್ಷರ. ಚಾರ್ಜು ತೆಗೆದುಕೊಂಡೆ. ಒಂದು ಸಾಲು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ: ರಾತ್ರಿ ಪೇಷಂಟ್ ಇದ್ದಾಗ ಎರಡನೇ ಡ್ರೈವರನ ಪಗಾರ ಯಾರು ಕೊಡಬೇಕು ಎಂಬುದು. ಪೇಷಂಟ್ ಕಡೆಯವರೇ ಎಂದು ಮಗನ ವಾದ, ಅಪ್ಪ ಹಾಗೇ ಮಾಡುತ್ತಿದ್ದರಂತೆ. ಸ್ಟ್ಯಾಂಡಿನ ಫಂಡಿನಿಂದ ಕೊಡೋಣ ಎಂದು ಹಿರಿಯರು. ಪ್ರತಿ ಅಮಾವಾಸ್ಯೆಯ ಗಾಡಿ ಪೂಜೆಗೆ ಸೇರಿದಾಗ ಇದೇ ಮಾತು ಏಳುತ್ತದೆ, ಚಹಾ ಮುಗಿಯುವವರೆಗೆ ನಡೆಯುತ್ತದೆ. ಹೋದ ಅಮಾವಾಸ್ಯೆಗೆ ಅರ್ಧರ್ಧ ಎಂಬಲ್ಲಿಗೆ ಬಂದು ನಿಂತಿದೆ.