ಬೂದಿ ಮುಚ್ಚಿದ ಕೆಂಡ

(ಹುಳುಮನೆಯ ಅಗ್ಗಿಷ್ಟಿಕೆಯ ಬಳಕೆ ಮತ್ತು ರಕ್ಷಣೆ)

ಒಳಗೆ ಕೋಪವನ್ನಿಟ್ಟುಕೊಂಡು ಮೇಲೆ ಶಾಂತನಾಗಿ ತೋರುವ ಮನುಷ್ಯನನ್ನು ಬೂದಿ ಮುಚ್ಚಿದ ಕೆಂಡವೆಂದು ಕರೆಯುವುದು ವಾಡಿಕೆ. ತರಗತಿಯಲ್ಲಿ ಇದು ಅಲಂಕಾರದ ಮಾತು. ತಿರುಮಕೂಡಲು ನರಸೀಪುರದ ಸುತ್ತಿನ ರೇಷ್ಮೆ ಬೆಳೆಗಾರರಿಗಾದರೋ ಅದು ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ ಹುಳುಮನೆಯ ನಡುವೆ ಕುಳಿತಿರುವ ನಿಜವಾದ ವಸ್ತು. ಅದನ್ನು ಹೇಗೆ ಬಳಸಬೇಕು, ಹೇಗೆ ಆರಿಸಿ ಎತ್ತಿಡಬೇಕು ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾವು ಏಕೆ ಬೇಕು?

ಕಾವೇರಿ ಕಪಿಲೆಯರು ಕೂಡುವ ನರಸೀಪುರದ ಸುತ್ತಲೂ, ಕಪಿಲೆಯ ದಂಡೆಯ ನಂಜನಗೂಡಿನ ಸುತ್ತಲೂ ಭತ್ತ, ಕಬ್ಬುಗಳ ಜೊತೆಗೆ ಹಿಪ್ಪುನೇರಳೆಯೂ ಬೆಳೆಯುತ್ತದೆ. ನರಸೀಪುರದಲ್ಲಿ ಗೂಡಿನಿಂದ ತೆಗೆದ ನೂಲು ಮೈಸೂರಿನಲ್ಲಿ ೧೯೧೨ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಸೇರಿ ಸೀರೆಯಾಗುತ್ತದೆ. ಆ ಸೀರೆಯ ಹಿಂದೆ ಎಷ್ಟು ರಾತ್ರಿಗಳ ಜಾಗರಣೆಯಿದೆಯೆಂಬುದು ಹುಳು ಸಾಕಿದವರಿಗೆ ಮಾತ್ರ ಗೊತ್ತು.

ರೇಷ್ಮೆಹುಳುವಿನ ಮೈಯ ಕಾವು ಸುತ್ತಣ ಗಾಳಿಯ ಕಾವನ್ನೇ ಅನುಸರಿಸುತ್ತದೆ. ಚಾಕಿ ಹುಳುವಿಗೆ ೨೬ರಿಂದ ೨೮ ಡಿಗ್ರಿ ಸೆಂಟಿಗ್ರೇಡ್, ಐದನೆಯ ಹಂತದ ದೊಡ್ಡ ಹುಳುವಿಗೆ ೨೩ರಿಂದ ೨೫ ಡಿಗ್ರಿ ಹಿತವಾದುದು. ೨೦ಕ್ಕಿಂತ ಇಳಿದರೆ ಹುಳು ಸೊಪ್ಪನ್ನು ಮಂದವಾಗಿ ತಿನ್ನುತ್ತದೆ. ಜ್ವರ ಏಳುವುದು ತಡವಾಗುತ್ತದೆ. ಒಂದೇ ತಟ್ಟೆಯಲ್ಲಿ ಹಿರಿದು ಕಿರಿದು ಬೆರೆತುಹೋಗುತ್ತವೆ. ನಮ್ಮ ಹಳೆಯ ಮೈಸೂರು ತಳಿ ಗಟ್ಟಿ ಜೀವ, ಒಂದಿಷ್ಟು ಚಳಿಯನ್ನು ಸಹಿಸುತ್ತಿತ್ತು. ಹೆಚ್ಚು ನೂಲು ಕೊಡುವ ದ್ವಿತಳಿ ಹುಳುಗಳು ಅಷ್ಟು ಸಹಿಸವು. ಡಿಸೆಂಬರ್, ಜನವರಿಯಲ್ಲಿ ಮೈಸೂರು ಸೀಮೆಯ ರಾತ್ರಿಯ ಉಷ್ಣತೆ ೧೬ ಡಿಗ್ರಿಯ ಸುತ್ತಮುತ್ತ ಇಳಿಯುವುದರಿಂದ ಕಾವು ಕೊಡದೆ ವಿಧಿಯಿಲ್ಲ. ಈಗ ವಿದ್ಯುತ್ ಹೀಟರುಗಳು ಬಂದಿವೆ. ಆದರೆ ಕರೆಂಟು ಹೋದ ರಾತ್ರಿ ಮೂಲೆಯಲ್ಲಿದ್ದ ಅಗ್ಗಿಷ್ಟಿಕೆ ಮತ್ತೆ ನಡುಮನೆಗೆ ಬರುತ್ತದೆ.

ಹೊಗೆಯಿಲ್ಲದ ವಿಷ

ಸೌದೆಯ ಹೊಗೆ ಹುಳುವಿಗೆ ಆಗದು. ಆದ್ದರಿಂದ ನಿಗಿನಿಗಿ ಉರಿಯುವ ಇದ್ದಿಲಿನ ಕೆಂಡ ನಿರಪಾಯವೆಂದು ನಮ್ಮವರ ನಂಬಿಕೆ. ನಮ್ಮನ್ನು ಮೋಸಗೊಳಿಸುವುದು ಈ ನಂಬಿಕೆಯೇ. ಇದ್ದಿಲಿಗೆ ಗಾಳಿ ಧಾರಾಳವಾಗಿ ಸಿಕ್ಕಿದರೆ ಇಂಗಾಲದ ಡೈ ಆಕ್ಸೈಡು ಹುಟ್ಟುತ್ತದೆ. ಗಾಳಿ ಕಡಿಮೆಯಾದರೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅಷ್ಟೇ ಅಲ್ಲ, ಅಡಿಯಲ್ಲಿ ಹುಟ್ಟಿದ ಡೈ ಆಕ್ಸೈಡು ಮೇಲಿನ ಕೆಂಡದ ಪದರವನ್ನು ಹಾಯುವಾಗ ಮತ್ತಷ್ಟು ಇಂಗಾಲವನ್ನು ಕೂಡಿಕೊಂಡು ಮಾನಾಕ್ಸೈಡಾಗುತ್ತದೆ. ಕೆಂಡದ ಮೇಲೆ ಕುಣಿಯುವ ನೀಲಿ ಜ್ವಾಲೆ ಈ ಅನಿಲ ಉರಿಯುವ ಗುರುತು. ಬೂದಿ ಮುಚ್ಚಿ ಜ್ವಾಲೆ ಅಡಗಿದಾಗ ಅನಿಲ ಉರಿಯದೆಯೇ ಕೋಣೆಗೆ ಸೇರುತ್ತದೆ.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ೧೮೫೭ರಲ್ಲಿ, ಈ ಅನಿಲವು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆಂದು ತೋರಿಸಿಕೊಟ್ಟನು. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಬಳಿಕ ವಾಂತಿ, ಕಾಲಿನಲ್ಲಿ ನಿತ್ರಾಣ. ಆಮೇಲೆ ಎಚ್ಚರ ತಪ್ಪುವುದು. ನಿದ್ರೆಯಲ್ಲಿರುವವನಿಗೆ ಮೊದಲ ಮುನ್ಸೂಚನೆಯೂ ತಿಳಿಯದು.

ನಮ್ಮ ಮನೆಯ ಒಂದು ರಾತ್ರಿ

ಎರಡು ವರ್ಷದ ಹಿಂದೆ, ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದಾಗ, ಕರೆಂಟು ಹೋಯಿತು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ಅವ್ವ ಅಲ್ಲೇ ಚಾಪೆ ಹಾಸಿಕೊಂಡರು. ನಾನು ಬಾಗಿಲು ತೆರೆಯಹೋದಾಗ, “ತೆಗೀಬ್ಯಾಡ ಕಣಪ್ಪ, ಕಾವೆಲ್ಲ ಹೊಂಟೋಯ್ತದೆ” ಎಂದರು. ನಡುರಾತ್ರಿ ನೋಡಲು ಹೋದಾಗ ಅವರು ತಲೆ ಹಿಡಿದುಕೊಂಡು ಗೋಡೆಗೆ ಒರಗಿದ್ದರು. ಕರೆದರೆ ಉತ್ತರ ತಡವಾಗಿ ಬಂತು. ತೋಳು ಹಿಡಿದು ಅಂಗಳಕ್ಕೆ ಕರೆತಂದು ಕೂರಿಸಿದೆ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ನಿದ್ದೆಗೆಟ್ಟದ್ದರಿಂದ ಹೀಗಾಯಿತೆಂದು ಅವರೆಂದರು. ನಾನೂ ಹಾಗೆಯೇ ನಂಬಿದೆ. ಹೈಸ್ಕೂಲಿನಲ್ಲಿ ಇದೇ ಅನಿಲದ ಮೇಲಿನ ಪ್ರಶ್ನೆಗೆ ಪೂರ್ಣ ಅಂಕ ಪಡೆದವನು ನಾನು! ಪಾಠದ ಅನಿಲವೂ ಮನೆಯ ಅನಿಲವೂ ಒಂದೇ ಎಂಬುದು ಹೊಳೆಯಲು ನನಗೆ ಮತ್ತೆರಡು ದಿನ ಬೇಕಾಯಿತು. ಅಂದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತೆಂಬುದೂ ಆಮೇಲೆಯೇ ತಿಳಿಯಿತು.

ಬಳಸುವ ಕ್ರಮ

೧. ಅಗ್ಗಿಷ್ಟಿಕೆಯನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆಯಡಗಿದ ಮೇಲೆ ಒಳಗೆ ತರಬೇಕು. ಇದರಿಂದ ಹೊಗೆ ತಪ್ಪೀತೇ ಹೊರತು ವಿಷಾನಿಲ ತಪ್ಪದು. ಆದ್ದರಿಂದ ಕೆಂಡವಿರುವವರೆಗೂ ಕೆಳಗೊಂದು, ಮೇಲೊಂದು ಗಾಳಿಕಂಡಿ ತೆರೆದೇ ಇರಬೇಕು. ಎರಡು ಡಿಗ್ರಿ ಕಾವು ಕಳೆದರೆ ಹುಳು ತುಸು ತಡವಾಗಿ ಗೂಡು ಕಟ್ಟೀತು, ಅಷ್ಟೆ.

೨. ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಕೂಡದು. ಸೊಪ್ಪು ಹಾಕಿ ಹೊರಬರಬೇಕು. ಈ ಅನಿಲವನ್ನು ಗುರುತಿಸಿ ಸದ್ದು ಮಾಡುವ ಸಣ್ಣ ಯಂತ್ರಗಳೂ ಈಗ ದೊರೆಯುತ್ತವೆ; ಕೊಳ್ಳಬಲ್ಲವರು ಕೊಳ್ಳಲಿ.

೩. ಬಿದಿರಿನ ತಟ್ಟೆ, ಒಣಗಿದ ಚಂದ್ರಿಕೆ, ಚಾಕಿಗೆ ಹೊದಿಸುವ ಪ್ಯಾರಾಫಿನ್ ಕಾಗದ, ಇವೆಲ್ಲವೂ ಬೆಂಕಿಗೆ ತುತ್ತಾಗುವವು. ಇವುಗಳಿಂದ ಅಗ್ಗಿಷ್ಟಿಕೆ ಒಂದು ಮೀಟರಿಗಿಂತ ದೂರವಿರಲಿ. ಮಣ್ಣಿನ ನೆಲದ ಮೇಲೋ ಕಲ್ಲಿನ ಮೇಲೋ ಅಲುಗದಂತೆ ಕೂರಲಿ.

೪. ಮಂಕಾದ ಕೆಂಡಕ್ಕೆ ಸೀಮೆಎಣ್ಣೆ ಸುರಿಯುವುದು ಪ್ರಾಣಾಂತಿಕ. ಎಣ್ಣೆ ಆವಿಯಾಗಿ ಒಮ್ಮೆಲೇ ಭಗ್ಗನೆ ಹತ್ತಿಕೊಳ್ಳುತ್ತದೆ.

ಆರಿಸಿ ಎತ್ತಿಡುವುದು

ಸಾಲದ ಶೇಷ, ಹಗೆಯ ಶೇಷ, ಬೆಂಕಿಯ ಶೇಷ ಉಳಿಸಬಾರದೆಂದು ಹಿರಿಯರು ಹೇಳುವರು. ಮೂರನೆಯದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಬೂದಿಯೊಳಗಿನ ಕೆಂಡ ಹಲವು ಗಂಟೆ, ಕೆಲವೊಮ್ಮೆ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಕಾದ ಕಬ್ಬಿಣಕ್ಕೆ ನೀರು ಚೆಲ್ಲಿದರೆ ಬಿಸಿ ಆವಿ ಮುಖಕ್ಕೆ ಬಡಿಯುತ್ತದೆ, ಕಬ್ಬಿಣವೂ ಬಿರಿಯಬಹುದು. ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದು, ಕೆಂಡವನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಸುರಿದು ಮುಚ್ಚಿಡುವುದು ಲೇಸು. ಡಬ್ಬವೂ ಹೊರಗೇ ಇರಬೇಕು. ತಣ್ಣಗಾದ ಬೂದಿಯನ್ನು ನೀರಿನಲ್ಲಿ ನೆನೆಸಿ ಮಾತ್ರ ತಿಪ್ಪೆಗೆ ಹಾಕಬೇಕು. ಹುಲ್ಲಿನ ಬಣವೆಯ ಮಗ್ಗುಲಿಗೆ ಎಂದೂ ಸುರಿಯಬಾರದು.

ಬೆಳೆ ಮುಗಿದ ಮೇಲೆ ಕಂಬಿಗಳ ನಡುವಿನ ಬೂದಿಯನ್ನು ಕೆರೆದು ತೆಗೆಯಬೇಕು. ಅಲ್ಲಿ ಬೂದಿ ಕಟ್ಟಿದರೆ ಗಾಳಿ ಏರದೆ ವಿಷಾನಿಲ ಹೆಚ್ಚುತ್ತದೆ. ಸುಟ್ಟು ತೆಳುವಾದ ಕಂಬಿ, ಅಲ್ಲಾಡುವ ಕಾಲು, ಸಡಿಲವಾದ ಹಿಡಿಗಳನ್ನು ಆಗಲೇ ಸರಿಪಡಿಸಬೇಕು. ಹುಳುಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗೆ ತರಬೇಕು. ಆ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಬರಿಯ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಎಣ್ಣೆಯ ಬಟ್ಟೆಯಿಂದ ಒರೆಸಿ, ಒಣನೆಲದಲ್ಲಿ ಬೋರಲು ಹಾಕಿಡಬೇಕು. ಮತ್ತೆ ಹೊತ್ತಿಸುವಾಗ ಆ ಎಣ್ಣೆ ಅಂಗಳದಲ್ಲೇ ಉರಿದುಹೋಗಲಿ. ಬ್ಲೀಚಿಂಗ್ ಪುಡಿಯ ಚೀಲವನ್ನು ಸೀಮೆಎಣ್ಣೆಯ ಬಳಿಯಾಗಲಿ ಇದ್ದಿಲಿನ ಬಳಿಯಾಗಲಿ ಇಡಲೇಬಾರದು. ಕಿಡಿ ಸೋಕದೆಯೂ ಅವು ಬೆರೆತು ಬೆಂಕಿ ಹತ್ತುವ ಸಂಭವವುಂಟು.

ಅಪಾಯವಾದಾಗ

ಹುಳುಮನೆಯೊಳಗೆ ಯಾರಾದರೂ ಒರಗಿಕೊಂಡಿದ್ದರೆ ಬಾಗಿಲು, ಕಿಟಕಿಗಳನ್ನು ಪೂರಾ ತೆರೆದು, ಉಸಿರು ಬಿಗಿಹಿಡಿದು, ಅವರನ್ನು ಬಯಲಿಗೆ ತರಬೇಕು. ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು. ಆಮ್ಲಜನಕವೇ ಇದಕ್ಕೆ ಮದ್ದು. ಮುಖ ಕೆಂಪಗಿದೆಯೆಂದು ಧೈರ್ಯ ತಾಳಬಾರದು. ಈ ವಿಷ ಸೇರಿದ ರಕ್ತ ಇನ್ನಷ್ಟು ಕೆಂಪಾಗಿಯೇ ಇರುತ್ತದೆ.

ಹುಳುಮನೆಗೆ ಹೇಳಿದ್ದೆಲ್ಲವೂ ಬಾಣಂತಿಯ ಕೋಣೆಗೂ ಅನ್ವಯಿಸುತ್ತದೆ. ಅಲ್ಲಿಯೂ ಗಾಳಿ ತಾಕಬಾರದೆಂದು ಬಾಗಿಲು ಮುಚ್ಚಿ, ಮಂಚದ ಬಳಿ ಕೆಂಡವಿಡುವ ಪದ್ಧತಿಯುಂಟು. ಅಲ್ಲಿ ಉಸಿರಾಡುವುದು ಹಸುಗೂಸು.

ಉಪಸಂಹಾರ

ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವ ಹಲವರ ಮನೆಯಲ್ಲಿ ಹುಳುಮನೆಯಿದೆ. ಕಲಾ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರವೇಕೆಂದು ಕೇಳಬಹುದು. ಮನೆಯಲ್ಲಿ ಓದು ಬಲ್ಲವರು ನಾವೇ ಆದಾಗ ಈ ಮಾತನ್ನು ಹೇಳುವ ಹೊಣೆಯೂ ನಮ್ಮದೇ. ಈ ಪುಷ್ಯದಲ್ಲಿ ನಮ್ಮ ಹುಳುಮನೆಯ ಗಾಳಿಕಂಡಿ ತೆರೆದಿತ್ತು. ಅವ್ವ ಹಜಾರದಲ್ಲಿ ಮಲಗಿದರು. ಗೂಡು ಎರಡು ದಿನ ತಡವಾಗಿ ಬಂತು.