ಹಳೆಯ ಕಂಪ್ಯೂಟರ್: ಯಾವುದು ಒಳಗೆ, ಯಾವುದು ಹೊರಗೆ?

ಪ್ರಶ್ನೆ: ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಗೆಳೆಯರು ಕೂಡಿ ಹಳೆಯ ಕಂಪ್ಯೂಟರ್ ಸಂಗ್ರಹಿಸುತ್ತಿದ್ದೇವೆ. ದೂರದ ಊರಿನವರೂ ಆನ್‌ಲೈನ್‌ನಲ್ಲಿ ಜೊತೆಯಾಗಿದ್ದಾರೆ. ಪೆಂಟಿಯಂಗಿಂತ ಮುಂಚಿನವು ಮಾತ್ರ ಸಾಕು ಎಂದು ಕೆಲವರು, ರೇಡಿಯೊ, ಟೈಪ್‌ರೈಟರ್, ಮೊಬೈಲೂ ಇರಲಿ ಎಂದು ಕೆಲವರು. ಗೆರೆ ಎಲ್ಲಿ ಎಳೆಯಬೇಕು?
ಓದುಗರು, ದಢೇಸುಗೂರು

ಉತ್ತರ: ಇಸವಿ ಹಿಡಿದು ಎಳೆಯಬೇಡಿ. ಇಂದಿನ ಹೊಸದು ಹತ್ತು ವರ್ಷಕ್ಕೆ ಹಳೆಯದಾಗಿ, ಇದೇ ವಾದ ಮತ್ತೆ ಶುರುವಾಗುತ್ತದೆ. ನಾವು ಉಳಿಸದಿದ್ದರೆ ಬೇರೆ ಯಾರೂ ಉಳಿಸಲಾರದ್ದು ಯಾವುದು ಎಂದು ಕೇಳಿಕೊಳ್ಳಿ. ಐಬಿಎಂ ಪಿಸಿಯನ್ನು ಅಮೆರಿಕದ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಕಾಪಾಡುತ್ತದೆ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದ ಬಿಬಿಸಿ ಮೈಕ್ರೊವನ್ನು ಜೋಪಾನ ಮಾಡುವವರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಜನ. ಸಿಂಧನೂರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವರದಿ ಕನ್ನಡದಲ್ಲಿ ಹೇಗೆ ತಯಾರಾದವು ಎಂಬುದು ಅವರಿಗೆ ಬೇಕಿಲ್ಲ. ನಮಗೆ ಬೇಕು.

ಹಾಗಾಗಿ ಕನ್ನಡ ಕಂಪ್ಯೂಟರಿಗೆ ಬಂದ ದಾರಿಯೇ ನಿಮ್ಮ ಸೀಮೆಯಾಗಲಿ. ಯೂನಿಕೋಡ್ ಇಲ್ಲದೆ ಕನ್ನಡ ಮೂಡಿಸಿದ್ದೆಲ್ಲ ಒಳಗೆ, ಉಳಿದದ್ದು ಹೊರಗೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದು ಸಾಮಾನ್ಯರ ಮೇಜಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಜೊತೆ. ಆಮೇಲೂ ಎಷ್ಟೋ ಮುದ್ರಣಾಲಯಗಳು ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಶ್ರೀಲಿಪಿ, 1998ರಲ್ಲಿ ಶೇಷಾದ್ರಿ ವಾಸು ತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಇವುಗಳ ಸಿಡಿ, ಕೈಪಿಡಿ, ಕೀಲಿಗಳಿಗೆ ಅಂಟಿಸಿದ ಅಕ್ಷರದ ಚೀಟಿ ಸಹ ಕೂಡಿಡಿ. ಕನ್ನಡ ಟೈಪ್‌ರೈಟರ್ ಬರಲಿ. ಅದರಲ್ಲಿ ಕೈ ಪಳಗಿದವರೇ ಎಷ್ಟೋ ಜನ ಮುಂದೆ ಕಂಪ್ಯೂಟರಿನ ಮುಂದೆ ಕುಳಿತರು. ರೇಡಿಯೊ, ಮೊಬೈಲ್ ನೀವು ಹೊರಬೇಕಾದ ಹೊರೆಯಲ್ಲ.

ಇನ್ನೊಂದು ಕೆಲಸ ತಡ ಮಾಡಬೇಡಿ: ಆಗ ಟೈಪ್ ಮಾಡಿದವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ದಾಖಲೆ ಸರ್ಕಾರದ್ದು, ಅದಕ್ಕೆ ಕೈ ಹಾಕುವಂತಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕುಳಿತು ಒಂದೊಂದೇ ಸರ್ವೆ ನಂಬರ್ ತುಂಬಿದವರ ನೆನಪು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.

ಪ್ರಶ್ನೆ: ಮುಚ್ಚಿದ ಡಿಟಿಪಿ ಅಂಗಡಿಯಿಂದ ಎರಡು ಕಂಪ್ಯೂಟರ್, ಒಂದು ಚೀಲ ಫ್ಲಾಪಿ ಸಿಕ್ಕಿವೆ. ಮೊದಲು ಯಾವುದಕ್ಕೆ ಕೈ ಹಚ್ಚಬೇಕು?
ಓದುಗರು, ಲಿಂಗಸುಗೂರು

ಉತ್ತರ: ಫ್ಲಾಪಿಗೆ. ಯಂತ್ರ ಇನ್ನಷ್ಟು ವರ್ಷ ಕಾಯುತ್ತದೆ, ಫ್ಲಾಪಿಯ ಕಾಂತಲೇಪ ಕಾಯುವುದಿಲ್ಲ. ಬಿಳಿ ಬೂಸ್ಟು ಹಿಡಿದದ್ದನ್ನು ಡ್ರೈವಿಗೆ ಹಾಕಬೇಡಿ. ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಗಳೂ ಕೆಡುತ್ತವೆ. ಮೂರೂವರೆ ಇಂಚಿನದಾದರೆ ಮೂಲೆಯ ಕಿಂಡಿ ತೆರೆದಿರುವಂತೆ ಚಿಕ್ಕ ಗುಂಡಿಯನ್ನು ಸರಿಸಿ, ಆಗ ತಪ್ಪಿಯೂ ಅದರ ಮೇಲೆ ಏನೂ ಬರೆಯಲಾಗದು. ಕಡತಗಳನ್ನಷ್ಟೇ ನಕಲು ಮಾಡದೆ ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಅದೇ ಅಂಗಡಿಯ ಹಾರ್ಡ್‌ಡಿಸ್ಕಿನಿಂದ ಫಾಂಟುಗಳನ್ನೂ ತೆಗೆದಿಡಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಚೂರುಗಳನ್ನು ಕೂರಿಸಿದ್ದವು, ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ನುಡಿ, ಬರಹದ ಕಡತಗಳಿಗೆ ಯೂನಿಕೋಡ್ ಪರಿವರ್ತಕಗಳಿವೆ. ಶ್ರೀಲಿಪಿಯ ಸಂಕೇತ ಬೇರೆ, ಅದನ್ನು ಇವುಗಳೊಂದಿಗೆ ಬೆರೆಸಬೇಡಿ.

ಆ ಚೀಲದಲ್ಲಿ ಯಾರದೋ ಜಾತಿ ಪ್ರಮಾಣಪತ್ರ, ಯಾರದೋ ಸಾಲದ ಕಾಗದ ಇದ್ದೇ ಇರುತ್ತವೆ. ಅವನ್ನು ಗುಂಪಿನೊಳಗೂ ಹಂಚಬಾರದು. ಲಗ್ನಪತ್ರಿಕೆಯಾದರೂ ಮನೆಯವರನ್ನು ಕೇಳದೆ ತೋರಿಸಬೇಡಿ.

ಪ್ರಶ್ನೆ: ಒಂದು ಕೋಣೆ ಪೂರ್ತಿ ತುಂಬಿದೆ. ಗುಜರಿಗೆ ಹಾಕಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?
ಓದುಗರು, ಮಸ್ಕಿ

ಉತ್ತರ: ಒಂದು ಬಗೆಗೆ ಒಂದೇ ಯಂತ್ರ, ಬಿಡಿಭಾಗಕ್ಕೆ ಇನ್ನೊಂದು. ಉಳಿದವನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಿ. ಗುಜರಿಯಲ್ಲಿ ತಾಮ್ರಕ್ಕಾಗಿ ವೈರ್ ಸುಟ್ಟರೆ ಆ ಹೊಗೆ ಕುಡಿಯುವವರು ನಿಮ್ಮ ಓಣಿಯ ಮಕ್ಕಳೇ. ಇಟ್ಟುಕೊಳ್ಳುವ 386, 486 ಬೋರ್ಡುಗಳಲ್ಲಿ ಉರುಳೆಯಾಕಾರದ ಬ್ಯಾಟರಿಯಿದ್ದರೆ ಈ ವಾರವೇ ತೆಗೆಸಿ, ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಳೆಯ ದಪ್ಪ ಮಾನಿಟರಿನ ಹಿಂಬದಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ, ಅದು ಟಿವಿ ರಿಪೇರಿ ಬಲ್ಲವರ ಕೆಲಸ.